ಇಪ್ಪತ್ತೇಳನೇ ಕುಂಡ

ಅಕ್ಕನ ಕೈಯಲ್ಲಿ ಒಂದೇ ಒಂದು ಕಸಿಯೂ ಸತ್ತಿಲ್ಲ ಎಂಬ ಮಾತು ನಮ್ಮ ನರ್ಸರಿಯ ಗೇಟಿಗಿಂತ ಹಳೆಯದು. ನಾನು ಕೆಲಸಕ್ಕೆ ಸೇರಿದ ದಿನ ಮೂರು ಜನ ಬೇರೆ ಬೇರೆಯಾಗಿ ಬಂದು ಅದನ್ನೇ ಹೇಳಿ ಹೋದರು. ನಾಲ್ಕನೆಯದಾಗಿ ಅಕ್ಕನೇ ಬಂದು, "ಸತ್ತಿದ್ದು ಒಂದು ತೋರಿಸು, ಈ ಚಾಕು ಇಲ್ಲೇ ಇಟ್ಟು ಮನೆಗೆ ಹೋಗ್ತೀನಿ" ಅಂದಳು. ಎದುರಿಗಿದ್ದಾಗ ಅವಳನ್ನು ನಾವೆಲ್ಲ ನೀವು, ತಾವು ಅನ್ನುತ್ತಿದ್ದೆವು. ಬರೆಯಲು ಕೂತರೆ ಅಷ್ಟು ಮರ್ಯಾದೆ ನನ್ನ ಕೈಯಿಂದ ಬರುತ್ತಿಲ್ಲ. ಏಕೆಂದು ಮುಂದೆ ನಿಮಗೇ ತಿಳಿಯುತ್ತದೆ.

ನಮ್ಮ ನರ್ಸರಿಯಲ್ಲಿ ಎರಡು ಭಾಗ. ಮುಂದೆ ಹೂಗಿಡಗಳು, ಹಿಂದೆ ಹೂ ಬಿಡದ ಮರಗಳು. ಜನ ಬರುವುದು, ಫೋಟೋ ತೆಗೆಸಿಕೊಳ್ಳುವುದು ಎಲ್ಲ ಮುಂದೆ. ಅಕ್ಕ ಇದ್ದದ್ದು ಹಿಂದೆ, ನೀರಿನ ಟ್ಯಾಂಕಿನ ಪಕ್ಕದ ಉದ್ದನೆಯ ಶೆಡ್ಡಿನಲ್ಲಿ. ಅಲ್ಲಿ ಪೈನು, ಸೈಪ್ರಸ್ಸು, ಸೈಕಾಸು, ಬೀಸಣಿಗೆ ಮರ. ಅವಳ ಮೇಜಿನ ಮೇಲೆ ಒಂದು ಚಾಕು, ಒಂದು ಸಾಣೆಕಲ್ಲು, ಪ್ಲಾಸ್ಟಿಕ್ ಪಟ್ಟಿಯ ಸುರುಳಿ, ಒದ್ದೆ ಗೋಣಿಚೀಲ. ಬೇರೆ ಯಾರಾದರೂ ಆ ಚಾಕು ಮುಟ್ಟಿದರೆ ಅವತ್ತಿಡೀ ಅವರಿಗೆ ಗೊಬ್ಬರ ಹೊರುವ ಕೆಲಸ.

"ಹೂವು ಅನ್ನೋದು ನಿನ್ನೆ ಮೊನ್ನೆ ಬಂದದ್ದು ಕಣೇ" ಎಂದು ಅವಳು ನನಗೆ ಪಾಠ ಶುರು ಮಾಡಿದ್ದಳು. "ಇವು ಅದಕ್ಕೂ ಮುಂಚಿನವು. ಬಣ್ಣ ಇಲ್ಲ, ಬಿನ್ನಾಣ ಇಲ್ಲ. ಬಹಳಷ್ಟು ಮರ ಯಾವ ದುಂಬಿಗೂ ಹಲ್ಲು ಕಿರಿಯಲ್ಲ. ಗಾಳಿ ಬಂದಾಗ ಧೂಳು ಹಾರಿಸ್ತವೆ, ಹೋಗಿ ಸೇರೋ ಕಡೆ ಸೇರಲಿ ಅಂತ." ಪೈನಿನ ಒಂದು ಸೂಜಿ ಎಲೆಯನ್ನು ಕಿತ್ತು ನನ್ನ ಅಂಗೈಗೆ ಚುಚ್ಚಿ, "ಎಲೇನ ಸೂಜಿ ಮಾಡ್ಕೊಂಡು ಮೇಲೆ ಮೇಣ ಬಳ್ಕೊಂಡು ಕೂತಿದೆ ನೋಡು. ಹನಿ ನೀರು ಹೊರಗೆ ಬಿಡಲ್ಲ. ಗಾಯ ಆದ್ರೆ ಅಂಟು ಸುರಿಸಿ ತಾನೇ ಮುಚ್ಕೊಳ್ಳುತ್ತೆ. ಯಾರ ಹತ್ರಾನೂ ಅಳೋಕೆ ಹೋಗಲ್ಲ" ಅಂದಳು. ಮರವನ್ನು ಹೊಗಳುತ್ತಿದ್ದಾಳೋ ತನ್ನನ್ನು ಹೊಗಳಿಕೊಳ್ಳುತ್ತಿದ್ದಾಳೋ ಎಂದು ನನಗೆ ಆಗಲೇ ಅನುಮಾನ ಬಂದಿತ್ತು.

ಹೊಗಳಿಕೊಳ್ಳಲು ಅವಳಿಗೆ ಕಾರಣವೂ ಇತ್ತು. ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ಹೋದಾಗ ಅವಳಿಗೆ ಹದಿನಾರು, ತಮ್ಮನಿಗೆ ನಾಲ್ಕು. ಕುಂಡಕ್ಕೆ ಮಣ್ಣು ತುಂಬುವ ಕೆಲಸಕ್ಕೆ ಸೇರಿ ಅವನನ್ನು ಬೆಳೆಸಿದಳು. ಮದುವೆಯ ಮಾತು ಬಂದಾಗಲೆಲ್ಲ "ಇವನನ್ನೇನು ಬುಟ್ಟಿಗೆ ಹಾಕ್ಕೊಂಡು ಹೋಗ್ಲಾ?" ಎಂದು ಕೇಳಿ ಬಂದವರನ್ನು ವಾಪಸು ಕಳಿಸಿದಳು. ಹದಿನೆಂಟಕ್ಕೆ ಅವನನ್ನೂ ನರ್ಸರಿಗೆ ಸೇರಿಸಿದಳು. ತಮ್ಮನಿಗೆ ನಮ್ಮಲ್ಲಿ ಗಡಿಬಿಡಿ ಎಂದೇ ಹೆಸರು. ಒಂದು ಕಾಲಿಗೆ ಒಂದು ಚಪ್ಪಲಿ, ಇನ್ನೊಂದಕ್ಕೆ ಬೇರೆ ಜೋಡಿಯದ್ದು ಹಾಕಿಕೊಂಡು ಬರುವವನು, ಅದನ್ನು ತೋರಿಸಿದರೆ ಎಲ್ಲರಿಗಿಂತ ಜೋರಾಗಿ ನಗುವವನು. ಕೆಲಸದಲ್ಲಿ ಮಾತ್ರ ಅವನು ತಪ್ಪಿದ್ದನ್ನು ನಾನು ನೋಡಿಲ್ಲ. ಆದರೆ ಹೆಸರು ಬಿದ್ದ ಮೇಲೆ ಬಿತ್ತು.

ಈಗ ಬೀಸಣಿಗೆ ಮರದ ವಿಷಯ ಸ್ವಲ್ಪ ಹೇಳಲೇಬೇಕು. ಪುಸ್ತಕದಲ್ಲಿ ಅದಕ್ಕೆ ಗಿಂಕ್ಗೊ ಅನ್ನುತ್ತಾರೆ. ಎಲೆ ಥೇಟ್ ಬೀಸಣಿಗೆ, ನಡುವೆ ಒಂದು ಸೀಳು. ಹುಳ ಮುಟ್ಟುವುದಿಲ್ಲ, ರೋಗ ಹತ್ತುವುದಿಲ್ಲ, ಬಸ್ಸಿನ ಹೊಗೆಗೆ ಬಗ್ಗುವುದಿಲ್ಲ. ಅದರ ನೆಂಟರಿಷ್ಟರೆಲ್ಲ ಕೋಟಿಗಟ್ಟಲೆ ವರ್ಷಗಳ ಹಿಂದೆ ಕಲ್ಲಿನೊಳಗಿನ ಗುರುತಾಗಿ ಹೋದರು, ಇದೊಂದು ಗಟ್ಟಿ ಜೀವ ಉಳಿಯಿತು. ಬೀದಿಬದಿಗೆ ಇದಕ್ಕಿಂತ ಒಳ್ಳೆಯ ಮರ ಬೇಕಿಲ್ಲ, ಒಂದು ತಕರಾರು ಬಿಟ್ಟರೆ. ಇದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಚಿಗುರುವ ಕಾಲದಲ್ಲಿ ಹೆಣ್ಣು ಮರದ ಎಳೆ ಬೀಜದ ತುದಿಯಲ್ಲಿ ಒಂದು ಹನಿ ಅಂಟುನೀರು ಬಂದು ನಿಲ್ಲುತ್ತದೆ. ಗಾಳಿಯಲ್ಲಿ ಬಂದ ಗಂಡಿನ ಧೂಳು ಅದಕ್ಕೆ ಅಂಟಿದರೆ ಹನಿ ಅದನ್ನು ಒಳಗೆಳೆದುಕೊಳ್ಳುತ್ತದೆ. ಮುಂದೆ ಬೆಳೆಯುವುದು ಹಣ್ಣಿನೊಳಗೆ ಅಡಗಿ ಕೂರುವ ಬೀಜವಲ್ಲ, ಬೆತ್ತಲೆ ಬೀಜ. ಹಣ್ಣಿನಂತೆ ಮೆತ್ತಗೆ ಕಾಣುವುದು ಆ ಬೀಜದ ಸ್ವಂತ ಚರ್ಮ. ಅದು ಮಾಗಿ ಉದುರಿ ಕಾಲಡಿಗೆ ಸಿಕ್ಕಿತೋ, ಹಳಸಿದ ಬೆಣ್ಣೆಗೆ ವಾಂತಿ ಬೆರೆತಂಥ ನಾತ. ರಸ ಕೈಗೆ ಹತ್ತಿದರೆ ಗುಳ್ಳೆ ಏಳುತ್ತದೆ. ಆದ್ದರಿಂದ ಬೀದಿಗೆ ಗಂಡು ಮರವೇ ಆಗಬೇಕು.

ಬೀಜ ಬಿತ್ತಿ ಬೆಳೆಸಿದರೆ ಗಂಡೋ ಹೆಣ್ಣೋ ಇಪ್ಪತ್ತು ಮೂವತ್ತು ವರ್ಷ ಗೊತ್ತಾಗುವುದಿಲ್ಲ. ಅದಕ್ಕೇ ಕಸಿ. ಬೀಜದಿಂದ ಬಂದ ಸಸಿಯ ತಲೆ ಕತ್ತರಿಸಿ, ಬುಡವನ್ನು ಸೀಳಿ, ಗಂಡು ಮರದಿಂದ ತಂದ ಕಡ್ಡಿಯನ್ನು ಅಲ್ಲಿ ಕೂರಿಸಿ ಪಟ್ಟಿ ಸುತ್ತುವುದು. ಬೇರು ಯಾವುದಾದರೂ ಇರಲಿ, ಮೇಲಿನ ಮರ ಗಂಡು. ಬೆಸೆದ ಜಾಗದಲ್ಲಿ, ಮೊಣಕಾಲ ಎತ್ತರಕ್ಕೆ, ಬಿಗಿಯಾದ ಬೆಲ್ಟಿನಂತೆ ಒಂದು ಉಬ್ಬು ಜೀವಮಾನವಿಡೀ ಉಳಿಯುತ್ತದೆ.

ನಾನು ಸೇರುವುದಕ್ಕೂ ಮೊದಲು ಆಸ್ಪತ್ರೆ ರಸ್ತೆಗೆ ಮೂವತ್ತು ಗಂಡು ಮರ ಬೇಕು ಎಂದು ಆದೇಶ ಬಂತು. ಹಳೆಯ ತೋಟದಲ್ಲಿ ಒಂದು ಗಂಡು, ಒಂದು ಹೆಣ್ಣು ಅಕ್ಕಪಕ್ಕದಲ್ಲೇ ನಿಂತಿದ್ದವು. ಹೊಸದಾಗಿ ಸೇರಿದ್ದ ತಮ್ಮ ಗಂಡು ಮರ ಹತ್ತಿ ಮೂವತ್ತು ಕಡ್ಡಿ ಕಡಿದು ತಂದ. ಅಕ್ಕ ಮೂವತ್ತು ಕುಂಡಕ್ಕೆ ಕಸಿ ಕಟ್ಟಿದಳು. ಆಗಿನ ಸಾಹೇಬರು ಬಂದು ನೋಡಿ, "ಮೂವತ್ತಕ್ಕೆ ಮೂವತ್ತೂ ಬರುತ್ತೇನಮ್ಮಾ?" ಎಂದು ಕೇಳಿದರು. "ಇಪ್ಪತ್ತೊಂಬತ್ತು ಬಂದ್ರೆ ನನ್ನ ಕೈ ಅಲ್ಲ" ಎಂದಳು ಅಕ್ಕ.

ಇಪ್ಪತ್ತೊಂಬತ್ತೇ ಬಂದವು. ಇಪ್ಪತ್ತೇಳನೇ ಕುಂಡದ ಕಡ್ಡಿ ಮೂರು ವಾರಕ್ಕೆ ಕಪ್ಪಾಯಿತು. ಅದರ ಕೆಳಗೆ, ಸಸಿಯ ಸ್ವಂತ ಬುಡದಿಂದ, ಒಂದು ಚಿಗುರು ಎದ್ದಿತ್ತು. ಸತ್ತಿತು ಎಂದು ಬಾಯಿಬಿಟ್ಟು ಹೇಳಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಮರುವರ್ಷ ಇನ್ನೊಂದು ಕಟ್ಟಿದರೆ ಮುಗಿಯುತ್ತಿತ್ತು. ಅಕ್ಕ ಸತ್ತ ಕಡ್ಡಿಯನ್ನು ಮುರಿದು ಎಸೆದು, ಕೆಳಗಿನ ಚಿಗುರನ್ನು ಕೋಲಿಗೆ ನೆಟ್ಟಗೆ ಕಟ್ಟಿ, ಅದರ ಬುಡಕ್ಕೆ ಸುಮ್ಮನೆ ಒಂದು ಪಟ್ಟಿ ಸುತ್ತಿದಳು. ಗಂಡಾಗುವ ಸಾಧ್ಯತೆ ಅರ್ಧಕ್ಕರ್ಧ ಇತ್ತಲ್ಲ! ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತು. ಆ ಸಸಿ ಹೋಗಿ ಹೆರಿಗೆ ವಾರ್ಡಿನ ಗೇಟಿನ ಎದುರು ನಿಂತಿತು.

ಮರಕ್ಕೆ ಅವಸರವಿರಲಿಲ್ಲ. ಇಪ್ಪತ್ತಾರು ವರ್ಷ ಉಳಿದ ಇಪ್ಪತ್ತೊಂಬತ್ತರ ಹಾಗೆಯೇ ಎಲೆ ಬಿಟ್ಟು, ಹಳದಿಯಾಗಿ, ಉದುರಿಸಿ, ಯಾರಿಗೂ ಸುಳಿವು ಕೊಡದೆ ಬೆಳೆಯಿತು. ಆಮೇಲೆ ಒಂದು ವರ್ಷ ರೆಂಬೆ ತುಂಬ ಬೀಜ ಹೊತ್ತುಕೊಂಡಿತು. ಸುತ್ತ ಇಪ್ಪತ್ತೊಂಬತ್ತು ಗಂಡು ಮರ ಇಟ್ಟುಕೊಂಡು ಅದಕ್ಕೆ ಕೊರತೆ ಏನಿತ್ತು? ರಸ್ತೆಯೆಲ್ಲ ನಾತ. ಹೆರಿಗೆಯಾದ ಮಗಳಿಗೆ ಫ್ಲಾಸ್ಕಿನಲ್ಲಿ ಬಿಸಿನೀರು ತರುತ್ತಿದ್ದ ಒಬ್ಬ ಮುದುಕಿ ಆ ಬೀಜದ ಮೇಲೆ ಕಾಲಿಟ್ಟು ಜಾರಿ ಸೊಂಟ ಮುರಿದುಕೊಂಡಳು. ಮೊಮ್ಮಗುವಿನ ಮುಖ ನೋಡುವ ಮೊದಲೇ ಅದೇ ಆಸ್ಪತ್ರೆಯ ಬೇರೆ ವಾರ್ಡು ಸೇರಿದಳು. ಮತ್ತೆ ಎದ್ದು ನಡೆಯಲಿಲ್ಲ. ಪತ್ರಿಕೆಯಲ್ಲಿ ಫೋಟೋ ಬಂತು. ಈಗ ಯಾರದ್ದಾದರೂ ತಲೆ ಬೇಕಿತ್ತು.

ಆ ಹೊತ್ತಿಗೆ ನಮ್ಮ ಹಳೆಯ ಮೇಸ್ತ್ರಿ ನಿವೃತ್ತಿಗೆ ಬಂದಿದ್ದ. ಅಕ್ಕ ಆಳುಗಳ ಮೇಲೆ ಕೂಗಾಡುವ ಕೆಲಸ ತನಗೆ ಬೇಡ ಎಂದಿದ್ದಳು. ಮುಂದಿನ ತಿಂಗಳು ತಮ್ಮ ಮೇಸ್ತ್ರಿಯಾಗಬೇಕಿತ್ತು. ಅವನ ನಂತರದ ಸರದಿ ನನ್ನದು. ಈ ಮಾತು ನೆನಪಿಟ್ಟುಕೊಳ್ಳಿ, ನಾನೂ ಮರೆತಿರಲಿಲ್ಲ.

ವಿಚಾರಣೆ ನಡೆದದ್ದು ಆಫೀಸಿನ ಸಣ್ಣ ಕೋಣೆಯಲ್ಲಿ. ಹೊಸ ಸಾಹೇಬರಿಗೆ ಮರದ ವಿಷಯ ಅಷ್ಟಕ್ಕಷ್ಟೆ. ಯಾರೋ ಹೇಳಿಕೊಟ್ಟದ್ದನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ಹೆಣ್ಣು ಮರದ ಕಡ್ಡಿ ಕಸಿಗೆ ಸೇರಿದೆ, ಹಾಗಾದರೆ ಕಡ್ಡಿ ಕಡಿದವನದೇ ತಪ್ಪು ಎಂಬುದು ಅವರ ಲೆಕ್ಕಾಚಾರ. ನನ್ನನ್ನು ಸಾಕ್ಷಿಗೆಂದು ಮೂಲೆಯಲ್ಲಿ ಕೂರಿಸಿದ್ದರು.

"ನಾನು ಗಂಡು ಮರ ಬಿಟ್ಟು ಬೇರೆ ಹತ್ತಿಲ್ಲ ಸರ್" ಅಂದ ತಮ್ಮ.

"ಇಪ್ಪತ್ತಾರು ವರ್ಷದ ಹಿಂದಿನದು ಅಷ್ಟು ಖಚಿತವಾಗಿ ನೆನಪಿದೆಯೇನಯ್ಯಾ? ನಿನ್ನನ್ನ ಎಲ್ಲರೂ ಗಡಿಬಿಡಿ ಅಂತಾರಂತೆ."

ತಮ್ಮ ನಗಲಿಲ್ಲ. ಅಕ್ಕನ ಕಡೆ ತಿರುಗಿದ. "ಅಕ್ಕಾ, ನೀನು ಹೇಳು. ನಾನು ತಂದ ಕಡ್ಡಿ ಸರಿ ಇತ್ತು ತಾನೇ?"

ಅಕ್ಕ ಮೇಜಿನ ಮೇಲಿನ ಗಾಜಿನ ಗುಂಡನ್ನು ನೋಡುತ್ತಿದ್ದಳು. ಅವನು ಮತ್ತೆ ಕೇಳಿದ, "ಹೇಳಕ್ಕಾ. ಮೂವತ್ತೂ ಒಂದೇ ಮರದ್ದು ತಾನೇ?" ಮೂರನೇ ಸಲ, ಸಣ್ಣ ದನಿಯಲ್ಲಿ, "ಅಕ್ಕಾ" ಅಂದ.

"ಕಸಿ ಕಟ್ಟಿದ್ದು ನಾನು, ಕಡ್ಡಿ ತಂದದ್ದು ಅವನು" ಅಂದಳು ಅಕ್ಕ. "ಯಾವ ಮರ ಹತ್ತಿದ್ದ ಅಂತ ಅವನಿಗೇ ಗೊತ್ತಿರ್ಬೇಕು. ನಾನೇನು ಕೆಳಗೆ ನಿಂತು ನೋಡ್ತಿದ್ನಾ?"

ಅಡ್ಡಗೋಡೆಯ ಮೇಲೆ ದೀಪ ಇಡುವುದು ಎಂದರೆ ಇದು. ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಸಾಹೇಬರು ಅದನ್ನೇ ಬರೆದುಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಹಾಗೆ ಎರಡು ವಾರದಲ್ಲಿ ತಮ್ಮನ ಕೆಲಸ ಹೋಯಿತು. ಕ್ವಾರ್ಟರ್ಸ್ ಖಾಲಿ ಮಾಡಲು ಒಂದು ತಿಂಗಳ ಗಡುವು.

ಮರ ಕಡಿಯುವ ದಿನ ಗರಗಸದವರ ಜೊತೆ ನಾನಿದ್ದೆ. ಹಗ್ಗ ಹಿಡಿಯಲು ಜನ ಸಾಲದೆ ಸಾಹೇಬರು ತಮ್ಮನನ್ನೇ ಕರೆಸಿದ್ದರು, ತಿಂಗಳು ಇನ್ನೂ ಮುಗಿದಿರಲಿಲ್ಲವಲ್ಲ! ಗರಗಸದವರು ಎಂದಿನಂತೆ ಸೊಂಟದ ಎತ್ತರಕ್ಕೆ ಗುರುತು ಹಾಕಿದರು. ಅಷ್ಟರಲ್ಲಿ ಅಕ್ಕ ಎಲ್ಲಿಂದಲೋ ಓಡಿ ಬಂದು, "ನೆಲಮಟ್ಟಕ್ಕೆ ಕಡೀರಿ. ಮೋಟು ಉಳಿಸಬೇಡಿ" ಅಂದಳು. ಮರ ಹೋಗುವುದು ಹೋಗುತ್ತದೆ, ಮೋಟಿನ ಮೇಲೆ ಇವಳಿಗೇನು ಕೋಪ ಎಂದು ನಾನು ಬಗ್ಗಿ ನೋಡಿದೆ. ಪಕ್ಕದ ಮರದ ಮೊಣಕಾಲಲ್ಲಿ ಉಬ್ಬು ಇತ್ತು. ಅದರಾಚೆಯದರಲ್ಲೂ ಇತ್ತು. ಈ ಮರದ ಬುಡ ನೆಲದಿಂದ ಮೇಲಿನವರೆಗೆ ನುಣ್ಣಗೆ, ಒಂದೇ ತೊಗಟೆ. ಇದಕ್ಕೆ ಕಸಿಯೇ ಕೂತಿಲ್ಲ. ಕೂರದ ಕಡ್ಡಿ ಯಾವ ಮರದ್ದಾದರೇನು? ತಮ್ಮನ ತಪ್ಪು ಇದರಲ್ಲಿ ಎಳ್ಳಷ್ಟೂ ಇರಲಿಲ್ಲ.

ನಾನು ತಲೆ ಎತ್ತಿದೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ತಮ್ಮ ಹತ್ತು ಮಾರು ದೂರದಲ್ಲಿ ಹಗ್ಗ ಹಿಡಿದು ಮರದ ತುದಿ ನೋಡುತ್ತ ನಿಂತಿದ್ದ. ಅವನ ಮೇಲೆ ನನಗೆ ಸಿಟ್ಟು ಬಂತು. ಇಷ್ಟು ವರ್ಷ ಕಸಿಕಡ್ಡಿ ಕಡಿದವನು, ಬುಡ ಒಂದು ಸಲ ನೋಡಬಾರದೇನೋ ಪೆದ್ದೇ ಎಂದು ಮನಸ್ಸಿನಲ್ಲೇ ಬೈದೆ. ಬಾಯಿ ಬಿಟ್ಟು ಹೇಳಲು ಎಷ್ಟು ಹೊತ್ತು ಬೇಕಿತ್ತು? ಒಂದು ನಿಮಿಷ. ಆ ನಿಮಿಷದಲ್ಲಿ ನಾನು ಮೇಸ್ತ್ರಿಯ ಸರದಿ ಯಾರದೆಂದು ಯೋಚಿಸಿದೆ. ಗರಗಸ ಶುರುವಾಯಿತು. ನೆಲಮಟ್ಟಕ್ಕೇ ಕಡಿದರು.

ಸಂಜೆ ಶೆಡ್ಡಿಗೆ ಹೋಗಿ ಅಕ್ಕನನ್ನು ಕೇಳಿದೆ. ಅವಳು ಮುಚ್ಚಿಡಲಿಲ್ಲ. ಕುಂಡ, ಕಪ್ಪು ಕಡ್ಡಿ, ಚಿಗುರು, ಎಲ್ಲ ಹೇಳಿದಳು. "ಮಗನ ಹಾಗೆ ಸಾಕಿದವನಿಗೆ ಹೀಗೆ ಮಾಡಿದ್ರಲ್ಲಾ" ಅಂದೆ.

"ಅವನಿಗೆ ಕೈಕಾಲು ಗಟ್ಟಿಯಿದೆ, ಎಲ್ಲಾದ್ರೂ ಬದುಕ್ಕೋತಾನೆ. ನನಗೆ ಈ ಹೆಸರು ಬಿಟ್ಟರೆ ಇನ್ನೇನಿದೆ ಹೇಳು" ಅಂದಳು. ಆಮೇಲೆ ಚಾಕು ಒರೆಸುತ್ತ, "ನಿನಗೂ ಒಳ್ಳೇದೇ ಆಯ್ತಲ್ಲ" ಎಂದು ಸೇರಿಸಿದಳು. ನಾನು ಎದ್ದು ಬಂದೆ. ಬಿಸಿತುಪ್ಪ ಬಾಯಿಗೆ ಹಾಕಿಕೊಂಡಾಗಿತ್ತು.

ಮುಂದಿನ ತಿಂಗಳು ನಾನು ಮೇಸ್ತ್ರಿಯಾದೆ. ತಮ್ಮ ತನ್ನ ಹೆಂಡತಿಯನ್ನು ಕರೆದುಕೊಂಡು ಹೋಗಿ ಒಂದು ಗ್ಯಾರೇಜಿನ ಮೇಲಿನ ಒಂಟಿ ಕೋಣೆ ಸೇರಿದ. ಸಿಕ್ಕಿದ ಕೆಲಸ ಎಂಥದ್ದು ಅನ್ನುತ್ತೀರಿ? ಆಸ್ಪತ್ರೆಯ ಹೆರಿಗೆ ವಾರ್ಡಿನ ಗೇಟಿಗೆ ಕಾವಲುಗಾರ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಸ್ಟೂಲಿನ ಮೇಲೆ, ಮರ ಇದ್ದ ಗುಂಡಿಗೆ ಎದುರಾಗಿ.

ಮರ ಹೋಯಿತು ಎಂದುಕೊಂಡಿದ್ದೆವು. ಬೇರು ಅಲ್ಲೇ ಇತ್ತು. ಬೀಸಣಿಗೆ ಮರದ ಬುಡದಲ್ಲಿ, ಮಣ್ಣಿನ ಒಳಗೆ, ಗಂಟುಗಳಿರುತ್ತವೆ. ಮೇಲೆ ಕಡಿದರೆ, ಸುಟ್ಟರೆ, ಆ ಗಂಟು ಒಡೆದು ಚಿಗುರುತ್ತದೆ. ಕೋಟಿ ವರ್ಷ ಬಾಳಿದ ಜಾತಿ ಒಂದು ಗರಗಸಕ್ಕೆ ಹೆದರುತ್ತದೆಯೇ? ಚಿಗುರುವ ಕಾಲಕ್ಕೆ ಗುಂಡಿಯಲ್ಲಿ ಹನ್ನೊಂದು ಕುಡಿ ಎದ್ದವು, ಪ್ರತಿಯೊಂದಕ್ಕೂ ಪುಟ್ಟ ಪುಟ್ಟ ಬೀಸಣಿಗೆ. ಬೆಳೆಯಲು ಬಿಟ್ಟರೆ ಅದೇ ಹೆಣ್ಣು ಮರ. ಯಾರಾದರೂ ತಿಳಿದವರು ಅದನ್ನು ನೋಡಿ, ಕಸಿಯ ಮರಕ್ಕೆ ಬೇರು ಬೇರೆ ಮರದ್ದಿರಬೇಕಲ್ಲ, ಈ ಬೇರಿನಿಂದ ಅದೇ ಮರ ಎದ್ದದ್ದು ಹೇಗೆ ಎಂದು ಕೇಳಿದರೆ? ಅಕ್ಕನಿಗೆ ನಿದ್ದೆ ಹತ್ತಲಿಲ್ಲ. ಬೇರು ಕೀಳಿಸು ಎಂದು ನನ್ನ ಹಿಂದೆ ಬಿದ್ದಳು. "ಕೆಳಗೆ ಆಸ್ಪತ್ರೆಯ ನೀರಿನ ಪೈಪಿದೆ, ಅಗೆಯೋಕಾಗಲ್ಲ. ನೀವೇ ಮುರ್ಕೊಳ್ಳಿ" ಅಂದೆ. ಪೈಪು ಇದ್ದದ್ದು ನಿಜ. ಹೇಳುವಾಗ ನನಗೆ ಖುಷಿಯಾದದ್ದೂ ನಿಜ.

ಹಾಗಾಗಿ ಪ್ರತಿ ಮಂಗಳವಾರ ಅಕ್ಕ ಗುಂಡಿಯ ಬಳಿ ಮೊಣಕಾಲೂರಿ ಚಿಗುರು ಮುರಿಯತೊಡಗಿದಳು. ಗೇಟಿನಲ್ಲಿ ತಮ್ಮ. ಅವನು ಮುಖ ತಿರುಗಿಸುವುದಿಲ್ಲ, ಬೈಯುವುದಿಲ್ಲ. ನೋಡುತ್ತಾನೆ, ಅಷ್ಟೆ. ಮುರಿದದ್ದಕ್ಕೆ ಮುಂದಿನ ವಾರ ಎರಡರಷ್ಟು. ಆರು ವಾರ ಹೀಗೆ ನಡೆಯಿತು. ಏಳನೇ ವಾರ ನಾನು ಗುಂಡಿಯ ವರದಿ ಬರೆಯಬೇಕಿದ್ದುದರಿಂದ ಜೊತೆಗೆ ಹೋಗಿದ್ದೆ. ಅಕ್ಕ ಇದ್ದಕ್ಕಿದ್ದಂತೆ ಕೈಯಲ್ಲಿದ್ದ ಚಿಗುರುಗಳನ್ನು ಬಿಸಾಡಿ ಎದ್ದು ರಸ್ತೆ ದಾಟಿದಳು. ಎಲ್ಲಿ ಗಾಡಿಗೆ ಸಿಕ್ಕುತ್ತಾಳೋ ಎಂದು ನಾನು ಹಿಂದೆ ಓಡಿದೆ.

"ಹೀಗೆ ನೋಡ್ಬೇಡ್ವೋ" ಅಂದಳು. "ಬೈಯಾದ್ರೂ ಬೈಯಿ. ಹೊಡಿ ಬೇಕಾದ್ರೆ."

ತಮ್ಮ ಸ್ಟೂಲಿನಿಂದ ಏಳಲಿಲ್ಲ. "ಇಪ್ಪತ್ತೇಳನೇ ಕುಂಡಕ್ಕೆ ನೀರು ಹಾಕ್ತಿದ್ದೋನು ಯಾರಕ್ಕಾ?" ಎಂದು ಕೇಳಿದ.

ಅಕ್ಕ ಮಣ್ಣಾದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಕಡ್ಡಿ ಕಪ್ಪಾದದ್ದನ್ನ ನಿನಗಿಂತ ಮುಂಚೆ ನಾನು ನೋಡಿದ್ದೆ. ನೀನು ಅದನ್ನ ಮುರಿದು ಕೆಳಗಿನ ಚಿಗುರು ಕಟ್ಟಿದ್ದನ್ನೂ ನೋಡಿದೆ. ಅಕ್ಕನ ಹೆಸರು ತಾನೇ, ಉಳೀಲಿ ಅಂತ ಸುಮ್ಮನಿದ್ದೆ, ಇಪ್ಪತ್ತಾರು ವರ್ಷ. ಅವತ್ತು ಆಫೀಸಲ್ಲಿ ಮೂರು ಸಲ ಕೇಳಿದೆ. ನೀನೇ ಹೇಳ್ಲಿ ಅಂತ."

ಮರ ಕಡಿದ ದಿನ ಅವನೇಕೆ ಬುಡ ನೋಡಲಿಲ್ಲ ಎಂಬುದು ನನಗೆ ಆಗ ತಿಳಿಯಿತು. ಅಕ್ಕ ಗೇಟಿನ ಸರಳು ಹಿಡಿದುಕೊಂಡಳು. "ನಾಳೇನೇ ಸಾಹೇಬರ ಹತ್ರ ಹೋಗ್ತೀನಿ. ಎಲ್ಲಾ ಹೇಳ್ತೀನಿ. ನಿನ್ನ ಕೆಲಸ ವಾಪಸ್ ಕೊಡಿಸ್ತೀನಿ ಕಣೋ."

"ಹೋಗ್ಬೇಡ" ಅಂದ ತಮ್ಮ. ಅಷ್ಟು ತಣ್ಣಗಿನ ದನಿ ಅವನಲ್ಲಿತ್ತೆಂದು ನನಗೆ ಗೊತ್ತೇ ಇರಲಿಲ್ಲ. "ನೀನು ಹೇಳಿದ್ರೆ ನನ್ನನ್ನ ಕರೀತಾರೆ. ಅಕ್ಕ ತಮ್ಮನನ್ನ ಉಳಿಸೋಕೆ ಸುಳ್ಳು ಹೇಳ್ತಿದಾಳೆ ಅಂತೀನಿ. ಇಲ್ಲ ಅನ್ನೋಕೆ ಏನು ತೋರಿಸ್ತೀಯ? ಬುಡ ಇದೆಯಾ? ನೆಲಮಟ್ಟಕ್ಕೆ ಕಡಿಸಿದ್ದು ಯಾರು? ಹೇಳ್ಕೊಂಡು ಅತ್ತು ಹಗುರ ಆಗ್ಬಿಡೋಣ ಅಂತಿದೀಯ. ಅದಕ್ಕೆ ನಾನು ಬಿಡಲ್ಲ. ನನ್ನನ್ನ ಸಾಕಿದೀಯ, ನಿಜ. ಅದಕ್ಕೇ ಬಿಡಲ್ಲ."

ಒಳಗೆ ಹೋಗುವವರು ಗೇಟಿಗೆ ಬಂದರು. ಅವರ ಚೀಟಿ ನೋಡಿ ಒಳಗೆ ಬಿಟ್ಟು, ನನ್ನ ಕಡೆ ತಿರುಗಿದ. "ಬುಡ ನೋಡಿದೋರು ಇನ್ನೊಬ್ಬರು ಇದ್ದಾರೆ. ಬೇಕಾದ್ರೆ ಸಾಕ್ಷಿಗೆ ಮೇಸ್ತ್ರಿಯವರನ್ನ ಕೇಳು" ಅಂದ.

ಅಕ್ಕ ನನ್ನ ಮುಖ ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವಳ ಹಾಗೆ ನಾನು ಕೈಯಲ್ಲಿದ್ದ ರಿಜಿಸ್ಟರನ್ನು ಎದೆಗೆ ಅವಚಿಕೊಂಡೆ. ಬುಡ ನೋಡಿದೆ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಅವತ್ತೂ ಒಂದು ನಿಮಿಷದ ಕೆಲಸವೇ.

ಎರಡು ವರ್ಷದ ಮೇಲೆ ಅಕ್ಕ ನಿವೃತ್ತಳಾದಳು. ನರ್ಸರಿಯ ಅಂಗಳದಲ್ಲಿ ಕುರ್ಚಿ ಹಾಕಿ, ಸಾಹೇಬರನ್ನು ಕರೆದು, ಒಂದು ಹಿತ್ತಾಳೆಯ ಫಲಕ ಕೊಟ್ಟರು. ಒಂದು ಕಸಿಯೂ ಸಾಯದ ಕೈ ಎಂದು ಅದರಲ್ಲಿ ಕೆತ್ತಿಸಿದ್ದರು. ಮೇಸ್ತ್ರಿಯಾದ ನಾನೇ ಅದನ್ನು ಎಲ್ಲರಿಗೂ ಕೇಳುವಂತೆ ಓದಿದೆ. ಚಪ್ಪಾಳೆ ಬಿತ್ತು. ಅಕ್ಕ ಫಲಕವನ್ನು ಬೋರಲು ಹಾಕಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಮಾತಾಡಿ ಎಂದರೆ ಬೇಡವೆಂದು ತಲೆಯಾಡಿಸಿದಳು.

ಈಗಲೂ ಮಂಗಳವಾರ ಅವಳು ಬರುತ್ತಾಳೆ. ಬೆನ್ನು ಬಾಗಿದೆ, ಬೆರಳು ಮಡಚುವುದಿಲ್ಲ, ಚಿಗುರು ಮುರಿಯಲು ಹೊತ್ತು ಹಿಡಿಯುತ್ತದೆ. ಎದುರಿಗೆ ತಮ್ಮ ಸ್ಟೂಲಿನ ಮೇಲೆ ಕೂತು ನೋಡುತ್ತಾನೆ. ಒಬ್ಬರೊಡನೊಬ್ಬರು ಮಾತಿಲ್ಲ. ಅವಳು ಹೋದ ಮೇಲೆ ನಾನು ಗುಂಡಿಯ ಹತ್ತಿರ ಹೋಗಿ ನೋಡುತ್ತೇನೆ. ಮಣ್ಣಿನಡಿಯಿಂದ ಮುಂದಿನ ವಾರದ ಕುಡಿಗಳು ಆಗಲೇ ತಲೆ ಎತ್ತಿರುತ್ತವೆ. ರಿಜಿಸ್ಟರಿನಲ್ಲಿ ಇಪ್ಪತ್ತೇಳನೇ ಗುಂಡಿ ಖಾಲಿ ಎಂದು ಬರೆದು ಸಹಿ ಹಾಕುತ್ತೇನೆ.